ಇರುಳಿನ ಇಳಿತ

ರಾತ್ರಿ 2 ಗಂಟೆಗೆ ಎದ್ದು ಕುಳಿತಿರತಕ್ಕವರು ಕಾವಲುಗಾರರು, ಪರೀಕ್ಷೆಯ ಹಿಂದಿನ ದಿನದ ವಿದ್ಯಾರ್ಥಿಗಳು, ಎಳೆಗೂಸುಗಳ ತಾಯಂದಿರು—ಇಷ್ಟೇ ಜನವೆಂದು ನಾನು ಭಾವಿಸಿದ್ದೆ. ಈ ಪಟ್ಟಿಗೆ ಸೇರಬೇಕಾದ ಇನ್ನೊಂದು ವರ್ಗವಿದೆಯೆಂಬುದು ನಮ್ಮ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಮಧುಮೇಹ ಬಂದಾಗ ತಿಳಿಯಿತು. ಇನ್ಸುಲಿನ್ ಚುಚ್ಚಿಸಿಕೊಂಡು ಮಲಗುವ ಮಕ್ಕಳ ತಂದೆತಾಯಿಗಳೇ ಆ ವರ್ಗ.

ಮಧುಮೇಹವೆಂದರೆ ಸಕ್ಕರೆ ಏರುವ ರೋಗವೆಂದು ಎಲ್ಲರೂ ಬಲ್ಲರು. ಅದು ಇಳಿಯುವುದೂ ಉಂಟೆಂಬುದನ್ನು ಬಲ್ಲವರು ಕಡಮೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ತಯಾರಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಈ ರೋಗ ತಗುಲಿದ ಮಗುವಿನ ಆಸೆಯನ್ನು ಮನೆಯವರು ಬಿಡಬೇಕಾಗಿದ್ದಿತು. ಅಂದಿನಿಂದ ಪ್ರಾಣದಾನ ಮಾಡುತ್ತ ಬಂದಿರುವ ಈ ಮದ್ದಿಗೆ ಒಂದು ಸ್ವಭಾವವುಂಟು: ಒಳಹೊಕ್ಕ ಮೇಲೆ ಅದು ಹಿಂತಿರುಗದು, ಹೊಟ್ಟೆಯಲ್ಲಿ ಅನ್ನವಿದೆಯೆ ಎಂದು ವಿಚಾರಿಸದು. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದರೆ ಸಕ್ಕರೆಯನ್ನು ಕೆಳಕ್ಕೆಳೆಯುತ್ತಲೇ ಹೋಗುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸು 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಎಚ್ಚರಿಕೆ; 54ಕ್ಕಿಂತ ಇಳಿದರೆ ಅಪಾಯ. ಗ್ಲೂಕೋಸು ಮಿದುಳಿನ ಮುಖ್ಯ ಆಹಾರವಾದುದರಿಂದ ಇನ್ನೂ ಇಳಿದರೆ ಮಂಪರು, ಸೆಳವು, ಕಡೆಗೆ ಪ್ರಜ್ಞೆತಪ್ಪುವುದು.

ಹಗಲಿನಲ್ಲಾದರೆ ದೇಹವೇ ಕೂಗಿ ಹೇಳುತ್ತದೆ. ಕೈ ನಡುಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಹಸಿವು ಕಾಡುತ್ತದೆ. ಈ ಕೂಗನ್ನೆಬ್ಬಿಸುವ ಅಡ್ರಿನಲಿನ್ ನಿದ್ರೆಯಲ್ಲಿ ಮಂದವಾಗುತ್ತದೆ; ಮನೆಗೆ ಬೆಂಕಿ ಬಿದ್ದಾಗ ಕಾವಲುಗಾರನೂ ಮಲಗಿದಂತೆ. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ತೀವ್ರವಾದ ಇಳಿತಗಳ ಪೈಕಿ ಅರ್ಧಕ್ಕಿಂತ ಹೆಚ್ಚು ನಿದ್ರೆಯಲ್ಲಿಯೇ ಸಂಭವಿಸಿದ್ದುವು.

ನಮ್ಮ ಮನೆಯಲ್ಲಿ ಆದುದೂ ಹಾಗೆಯೇ. ಆ ಸಂಜೆ ಮಗಳು ಶಾಲೆಯ ಖೋ ಖೋ ತಂಡದಲ್ಲಿ ಒಂದೂವರೆ ಗಂಟೆ ಆಡಿ ಬಂದಿದ್ದಳು. ಮಲಗುವ ಮುನ್ನ ಬೆರಳು ಚುಚ್ಚಿ ನೋಡಿದರೆ 130. ನೆಮ್ಮದಿಯಿಂದ ದೀಪವಾರಿಸಿದೆವು. ರಾತ್ರಿ ಮೂರರ ಹೊತ್ತಿಗೆ ಏಕೋ ಎಚ್ಚೆತ್ತ ನನ್ನ ಹೆಂಡತಿ ಮಗಳ ಕತ್ತನ್ನು ಮುಟ್ಟಿದಳು. ತಣ್ಣನೆಯ ಬೆವರು, ದಿಂಬು ತೊಯ್ದಿದೆ, ಕೂಗಿದರೆ ಅರ್ಥವಿಲ್ಲದ ಮಾತು. ಮಾಪಕ 46 ಎಂದಿತು. ನುಂಗುವಷ್ಟು ಎಚ್ಚರವಿದ್ದುದರಿಂದ ಸಕ್ಕರೆ ನೀರು ಪ್ರಾಣ ಉಳಿಸಿತು.

ಅಂದಿನಿಂದ ನನ್ನ ಹೆಂಡತಿಗೆ ನಿದ್ರೆಯಿಲ್ಲ. ಪ್ರತಿ ರಾತ್ರಿ 2 ಗಂಟೆಗೆ ಏಳುವುದು, ಮಲಗಿದ ಮಗುವಿನ ಬೆರಳನ್ನು ಚುಚ್ಚುವುದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಲೆಯ ಮುಂದೆ ನಿಂತೇ ತೂಕಡಿಸತೊಡಗಿದಳು. ನಾನು, “ಖೋ ಖೋ ಬಿಡಿಸಿಬಿಡೋಣ” ಎಂದೆ. ಮಗಳು ಮಾತಾಡಲಿಲ್ಲ. ತಂಡದ ಸಮವಸ್ತ್ರವನ್ನು ಮಡಿಸಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು.

ಆಗ ವೈದ್ಯರು ಗ್ಲೂಕೋಸ್ ಸೆನ್ಸರನ್ನು ಸೂಚಿಸಿದರು. ನಾಣ್ಯದಷ್ಟಗಲದ ಬಿಲ್ಲೆ, ತೋಳಿನ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಕೂದಲೆಳೆಯಂತಹ ತಂತು ಚರ್ಮದ ಕೆಳಗಿರುತ್ತದೆ. ಅದರ ಮೇಲಿನ ಕಿಣ್ವವು ಗ್ಲೂಕೋಸಿನೊಡನೆ ವರ್ತಿಸಿ ಸೂಕ್ಷ್ಮವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತೇ ಅಂಕಿಯಾಗಿ ಮೊಬೈಲಿಗೆ ಬರುತ್ತದೆ. 1962ರಲ್ಲಿ ಲೀಲಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ತತ್ತ್ವದ ಫಲವಿದು. ಸಕ್ಕರೆ ಇಳಿದರೆ ಮೊಬೈಲು ಕೂಗುತ್ತದೆ. ಒಂದು ಬಿಲ್ಲೆಯ ಆಯುಸ್ಸು ಸುಮಾರು ಎರಡು ವಾರ. ಅಧ್ಯಾಪಕನ ಸಂಬಳಕ್ಕೆ ಇದು ಹಗುರವಲ್ಲ.

ಈ ಕಾವಲುಗಾರನ ಗುಣದೋಷಗಳನ್ನೂ ಅರಿಯಬೇಕು. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಆದುದರಿಂದ ಅದರ ಸುದ್ದಿ 5ರಿಂದ 15 ನಿಮಿಷ ಹಳತು. ಇದಕ್ಕಾಗಿಯೇ ನಾವು ರಾತ್ರಿಯ ಎಚ್ಚರಿಕೆಯನ್ನು 70ಕ್ಕಲ್ಲ, 80ಕ್ಕೆ ಇಟ್ಟಿದ್ದೇವೆ. ಮಗು ಆ ತೋಳಿನ ಮೇಲೆಯೇ ಮಲಗಿದರೆ ಒತ್ತಡದಿಂದ ಸುಳ್ಳು ಇಳಿತ ಕಾಣುವುದುಂಟು. ಸಂದೇಹವಿದ್ದಾಗ ಬೆರಳು ಚುಚ್ಚಿ ನೋಡಬೇಕು. ಇಳಿತ ನಿಜವಾದರೆ ದೊಡ್ಡವರಿಗೆ 15 ಗ್ರಾಂ ಗ್ಲೂಕೋಸು, ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕಡಮೆ. ನಮ್ಮ ಮಗಳಿಗೆ 10. ಬಳಿಕ 15 ನಿಮಿಷ ಕಾಯಬೇಕು. ಸೆನ್ಸರು ತಡವಾಗಿ ಏರುವುದನ್ನು ಕಂಡು ಗಾಬರಿಯಿಂದ ಮತ್ತೆ ಮತ್ತೆ ತಿನ್ನಿಸಿದ ದಿನ ಬೆಳಗ್ಗೆ 300 ಕಂಡಿದ್ದೇವೆ. ಪ್ರಜ್ಞೆಯಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಲಾಗದು. ಪಕ್ಕಕ್ಕೆ ಮಲಗಿಸಿ, ಗ್ಲೂಕಗಾನ್ ಇದ್ದರೆ ಕೊಟ್ಟು, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಆದರೆ ಸೆನ್ಸರಿನ ದೊಡ್ಡ ಉಪಕಾರ ಈ ಕೂಗಲ್ಲ. ಮೂರು ವಾರಗಳ ರೇಖೆಗಳನ್ನು ವೈದ್ಯರು ಒಂದರ ಪಕ್ಕದಲ್ಲೊಂದಿಟ್ಟು ತೋರಿಸಿದರು. ಸಾಧಾರಣ ರಾತ್ರಿಗಳಲ್ಲಿ ರೇಖೆ ಕೆರೆಯ ನೀರಿನಂತೆ ಸಮ. ನಮಗೆ ಕಾಣದಂತೆ ಶಾಲೆಯ ಬಯಲಿನಲ್ಲಿ ಅವಳು ಓಡಿಬಂದಿದ್ದ ನಾಲ್ಕು ದಿನಗಳ ರಾತ್ರಿ ಮಾತ್ರ 1ರಿಂದ 3 ಗಂಟೆಯೊಳಗೆ ಇಳಿತ! ದಣಿದ ಸ್ನಾಯುಗಳು ತಾವು ಖರ್ಚು ಮಾಡಿದ ಸಕ್ಕರೆಯ ಸಂಗ್ರಹವನ್ನು ಗಂಟೆಗಟ್ಟಲೆ ಬಳಿಕವೂ ರಕ್ತದಿಂದ ತುಂಬಿಕೊಳ್ಳುತ್ತವೆಯಂತೆ. ಇರುಳಿನ ಇಳಿತದ ಬೇರು ಸಂಜೆಯಲ್ಲಿತ್ತು. ನಾವು ಹುಡುಕುತ್ತಿದ್ದುದು ಇರುಳಿನಲ್ಲಿ.

“ಆಟ ಬಿಡಿಸಬೇಕೆ?” ಎಂದು ಕೇಳಿದೆ. “ಏತಕ್ಕೆ? ಆಟವಾಡಿದ ದಿನ ಮದ್ದಿನ ಲೆಕ್ಕ ಬದಲಿಸೋಣ” ಎಂದರು. ಆ ದಿನಗಳಲ್ಲಿ ರಾತ್ರಿಯ ಇನ್ಸುಲಿನ್ನಿನಲ್ಲಿ ಐದನೆಯ ಒಂದು ಪಾಲನ್ನು ಕಡಮೆ ಮಾಡಿ, ಮಲಗುವಾಗ ಒಂದು ಲೋಟ ಹಾಲು ಸೇರಿಸಿದರು. ಇದು ನಮ್ಮ ಮಗಳ ಲೆಕ್ಕ. ಬೇರೆಯವರು ತಮ್ಮ ವೈದ್ಯರನ್ನು ಕೇಳಿಯೇ ಬದಲಿಸತಕ್ಕದ್ದು.

ಸೆನ್ಸರು ಸದಾ ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ವರ್ಷಕ್ಕೊಮ್ಮೆ ಎರಡು ವಾರ ಹಾಕಿದರೂ ಇಳಿತದ ಜಾಡು ಸಿಕ್ಕಬಹುದು. ಅದೂ ಸಾಧ್ಯವಿಲ್ಲದವರು ಹೆಚ್ಚು ಆಡಿದ, ಕಡಮೆ ಉಂಡ ದಿನಗಳಲ್ಲಾದರೂ ಮಲಗುವಾಗ ಒಮ್ಮೆ, ನಡುರಾತ್ರಿಯ ಬಳಿಕ ಒಮ್ಮೆ ಬೆರಳು ಚುಚ್ಚಿ ನೋಡಿ ಬರೆದಿಡಲಿ. ಬೆಳಗಿನ ತಲೆನೋವು, ಒದ್ದೆಯಾದ ಅಂಗಿ, ದುಃಸ್ವಪ್ನಗಳನ್ನು ಕಡೆಗಣಿಸದಿರಲಿ.

ಹೊಸ ಲೆಕ್ಕದ ಮೊದಲ ರಾತ್ರಿ 2 ಗಂಟೆಗೆ ಅಭ್ಯಾಸಬಲದಿಂದ ನಾವಿಬ್ಬರೂ ಎದ್ದೆವು. ಅಂಕಿ 118, ರೇಖೆ ಸಮ. ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. ಮತ್ತೆ ಮಲಗಿದವಳು ಎದ್ದುದು ಹಾಲಿನವನು ಬಾಗಿಲು ತಟ್ಟಿದಾಗ. ಅಷ್ಟರಲ್ಲಿ ಮಗಳು ಬೀರುವಿನ ಮುಂದೆ ಕುಳಿತು ಸಮವಸ್ತ್ರವನ್ನು ಹುಡುಕುತ್ತಿದ್ದಳು.