ಚಿಕಿತ್ಸೆಗಳ ಮೌಲ್ಯನಿರ್ಣಯ: ಆರೆಗಾನ್ ಪಟ್ಟಿಯ ಆಧಾರಗಳು

ಬೊಕ್ಕಸಕ್ಕೆ ಮಿತಿಯಿರುವಾಗ ಯಾವ ಚಿಕಿತ್ಸೆಗೆ ಹಣ ಒದಗಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಯಾವ ಆಧಾರದ ಮೇಲೆ ನಿರ್ಣಯಿಸುವುದು? ಅಮೆರಿಕದ ಆರೆಗಾನ್ ಸಂಸ್ಥಾನವು ಈ ಪ್ರಶ್ನೆಯನ್ನು ಬಹಿರಂಗವಾಗಿಯೇ ಎತ್ತಿಕೊಂಡಿತು. ಆಧಾರಗಳ ಪರೀಕ್ಷೆಯೇ ಕಸುಬಾಗಿರುವ ಇತಿಹಾಸದ ಅಧ್ಯಾಪಕರಾದ ನಮಗೆ ಆ ಪ್ರಯತ್ನವು ವಿಚಾರಾರ್ಹವಾದುದು.

1987ರಲ್ಲಿ ಆ ಸಂಸ್ಥಾನವು ಬಡವರಿಗೆ ಕೊಡುತ್ತಿದ್ದ ವೈದ್ಯಕೀಯ ನೆರವಿನಿಂದ ಅಸ್ಥಿಮಜ್ಜೆಯೇ ಮೊದಲಾದ ಕಸಿಗಳನ್ನು ಕೈಬಿಟ್ಟಿತು. ಅದೇ ಡಿಸೆಂಬರಿನಲ್ಲಿ, ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ ಏಳು ವರ್ಷದ ಬಾಲಕನೊಬ್ಬನು ಕಸಿಗೆ ಬೇಕಾದ ಹಣ ಕೂಡಿಬರುವ ಮೊದಲೇ ತೀರಿಕೊಂಡನು. ಸ್ವತಃ ವೈದ್ಯರಾಗಿದ್ದ ಸೆನೆಟ್ ಅಧ್ಯಕ್ಷ ಜಾನ್ ಕಿಟ್ಸ್‌ಹಾಬರ್ ಅವರ ಮುಂದಾಳುತನದಲ್ಲಿ 1989ರಲ್ಲಿ ಶಾಸನವಾಗಿ, ಚಿಕಿತ್ಸೆಗಳನ್ನು ಮಹತ್ವದ ಕ್ರಮದಲ್ಲಿ ಪಟ್ಟಿಮಾಡಲು ಆಯೋಗವೊಂದು ನೇಮಕವಾಯಿತು.

ಚಿಕಿತ್ಸೆಗಳ ಫಲವನ್ನು ವೈದ್ಯರು ಅಂದಾಜುಮಾಡಿದರು. 1001 ಮಂದಿಯನ್ನು ದೂರವಾಣಿಯ ಮೂಲಕ ವಿಚಾರಿಸಿ, ಯಾವ ಬಾಧೆ ಎಷ್ಟು ದುಸ್ಸಹವೆಂಬುದಕ್ಕೆ ಅಂಕಗಳನ್ನು ಪಡೆಯಲಾಯಿತು. ಅಲ್ಲಲ್ಲಿ 47 ಸಭೆಗಳೂ ನಡೆದವು. ಆದರೆ ಸಭೆಗಳಿಗೆ ಬಂದವರಲ್ಲಿ ಹೆಚ್ಚಿನವರು ಆರೋಗ್ಯಕ್ಷೇತ್ರದ ನೌಕರರೇ. ಯಾರ ಸಲುವಾಗಿ ಪಟ್ಟಿ ಸಿದ್ಧವಾಗುತ್ತಿತ್ತೋ ಆ ಬಡವರು ವಿರಳ. ಸಾಕ್ಷ್ಯ ಎಷ್ಟಿದೆ ಎನ್ನುವುದಕ್ಕೆ ಮೊದಲು ಸಾಕ್ಷಿಗಳು ಯಾರೆಂದು ಕೇಳಿರೆಂದು ನಾವು ತರಗತಿಯಲ್ಲಿ ಹೇಳುವುದುಂಟಷ್ಟೆ.

1990ರ ಮೇ ತಿಂಗಳಲ್ಲಿ ಮೊದಲ ಪಟ್ಟಿ ಹೊರಬಿದ್ದಿತು. ಅದರ ಸೂತ್ರ ಸರಳ: ವೆಚ್ಚವನ್ನು, ಫಲದ ಪ್ರಮಾಣ ಮತ್ತು ಅದು ಉಳಿಯುವ ವರ್ಷಗಳ ಗುಣಲಬ್ಧದಿಂದ ಭಾಗಿಸುವುದು. ಅಪೆಂಡಿಸೈಟಿಸ್ ಶಸ್ತ್ರಕ್ರಿಯೆ ಪ್ರಾಣವನ್ನೇ ಉಳಿಸುತ್ತದೆ. ಫಲ 48 ವರ್ಷಗಳದು, ವೆಚ್ಚ 5,744 ಡಾಲರು. ಹಲ್ಲಿಗೆ ಮುಚ್ಚಿಕೆ ಹಾಕುವುದರ ಫಲ ಅತ್ಯಲ್ಪ, ಅದೂ 4 ವರ್ಷಗಳದು. ವೆಚ್ಚ ಮಾತ್ರ 38 ಡಾಲರು. ಭಾಗಿಸಿ ನೋಡಲಾಗಿ ಹಲ್ಲಿಗೆ 371ನೆಯ ಸ್ಥಾನವೂ ಶಸ್ತ್ರಕ್ರಿಯೆಗೆ 377ನೆಯ ಸ್ಥಾನವೂ ದೊರೆತವು! ಲೆಕ್ಕದಲ್ಲಿ ತಪ್ಪಿರಲಿಲ್ಲ, ಒಂದು ಶಸ್ತ್ರಕ್ರಿಯೆಯ ಹಣದಲ್ಲಿ ನೂರೈವತ್ತು ಹಲ್ಲುಗಳಿಗೆ ಮುಚ್ಚಿಕೆ ಹಾಕಬಹುದು. ಆದರೆ ನೂರೈವತ್ತು ಹಲ್ಲುಗಳು ಒಂದು ಪ್ರಾಣಕ್ಕೆ ಸಮವೆಂದು ಆ ಸಾವಿರದೊಂದು ಮಂದಿಯನ್ನು ಯಾರೂ ಕೇಳಿರಲಿಲ್ಲ. ದೋಷವಿದ್ದುದು ಅಲ್ಲಿ ಎಂದು ನಮ್ಮ ಅಭಿಪ್ರಾಯ.

ಆಯೋಗವು ವೆಚ್ಚದ ಸೂತ್ರವನ್ನು ಬದಿಗಿರಿಸಿ, ಚಿಕಿತ್ಸೆಗಳನ್ನು 17 ವರ್ಗಗಳಾಗಿ ವಿಂಗಡಿಸಿ, ಸದಸ್ಯರ ವಿವೇಚನೆಯಿಂದ ಸ್ಥಾನಗಳನ್ನು ತಿದ್ದಿ, 1991ರಲ್ಲಿ 709 ಬಾಬುಗಳ ಪಟ್ಟಿಯನ್ನು ಮುಂದಿಟ್ಟಿತು. ಮೊದಲ 587ಕ್ಕೆ ಹಣವೆಂದು ಗೆರೆ ಎಳೆಯಲಾಯಿತು. 1992ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಅದನ್ನು ತಿರಸ್ಕರಿಸಿತು: ಅಂಗವೈಕಲ್ಯವಿಲ್ಲದವರು ಅಂಗವಿಕಲರ ಬಾಳಿಗೆ ಬೆಲೆ ಕಟ್ಟಿದ್ದಾರೆ ಎಂಬುದು ಆಕ್ಷೇಪ. ದೂರವಾಣಿಯ ಅಂಕಗಳನ್ನು ಕೈಬಿಟ್ಟ ಮೇಲೆ 1993ರಲ್ಲಿ ಅನುಮತಿ ದೊರೆಯಿತು. 1994ರ ಫೆಬ್ರವರಿಯಲ್ಲಿ ಯೋಜನೆ ಜಾರಿಗೆ ಬಂದು, ಲಕ್ಷಕ್ಕೂ ಮಿಕ್ಕಿದ ಬಡವರು ಹೊಸದಾಗಿ ಅದರ ಆಶ್ರಯಕ್ಕೆ ಒಳಪಟ್ಟರು.