ಕೀಲಿಕೈ ಯಾರಲ್ಲಿರಬೇಕು? ಅಂತರಜಾಲದ ನೆರೆಹೊರೆಯನ್ನು ಕುರಿತು

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಪತ್ನಿಯವರಿಗೆ ಶಸ್ತ್ರಚಿಕಿತ್ಸೆಯ ಸಲುವಾಗಿ ರಕ್ತ ಬೇಕಾಯಿತು. ಅವರದು ಸುಲಭವಾಗಿ ದೊರೆಯುವ ಗುಂಪಲ್ಲ. ಇಂಥ ಸಂದರ್ಭಕ್ಕೆಂದೇ ನಮ್ಮಲ್ಲಿ ಒಂದು ಪಟ್ಟಿ ಇತ್ತು. ರಕ್ತ ನೀಡಲು ಒಪ್ಪಿದ ಸದಸ್ಯರ ಹೆಸರು, ರಕ್ತದ ಗುಂಪು, ದೂರವಾಣಿ ಸಂಖ್ಯೆ ಇವನ್ನೆಲ್ಲ ಉತ್ಸಾಹಿ ತರುಣರು ವರ್ಷಗಟ್ಟಲೆ ಕಲೆಹಾಕಿ, ಪುಕ್ಕಟೆಯಾಗಿ ದೊರೆಯುತ್ತಿದ್ದ ಯಾವುದೋ ಕಂಪನಿಯ ಜಾಲತಾಣದಲ್ಲಿ ಸಂಘದ ಹೆಸರಿನ ಗುಂಪಿನೊಳಗೆ ಇರಿಸಿದ್ದರು. ಆ ರಾತ್ರಿ ತೆರೆಯಲು ಹೋದರೆ ಗುಂಪೇ ಇರಲಿಲ್ಲ. ಕಂಪನಿಯು ಆ ಸೇವೆಯನ್ನು ನಿಲ್ಲಿಸಿ ಎರಡು ತಿಂಗಳಾಗಿತ್ತು. ಮುನ್ಸೂಚನೆಯನ್ನೇನೋ ಕಳುಹಿಸಿದ್ದರು, ಆದರೆ ಅದು ಹೋದದ್ದು ಗುಂಪನ್ನು ಆರಂಭಿಸಿದ ಹಿಂದಿನ ಕಾರ್ಯದರ್ಶಿಗಳ ಇ-ಅಂಚೆಗೆ. ಅವರು ನಿವೃತ್ತರಾಗಿ ಧಾರವಾಡದಲ್ಲಿ ನೆಲೆಸಿದ್ದರು. ಆ ವಿಳಾಸವನ್ನು ತೆರೆದು ನೋಡುವುದನ್ನೇ ಬಿಟ್ಟಿದ್ದರು.

ಒಬ್ಬರಿಂದೊಬ್ಬರಿಗೆ ಫೋನು ಮಾಡುತ್ತ, ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಇಬ್ಬರು ದಾನಿಗಳನ್ನು ಹುಡುಕಿದೆವು. ಆ ತಾಯಿ ಗುಣಮುಖರಾಗಿ ಮನೆಗೆ ಬಂದರು. ಪಟ್ಟಿ ಮಾತ್ರ ಮರಳಿ ಬರಲಿಲ್ಲ. ಅದರೊಡನೆ ಒಂಬತ್ತು ವರ್ಷಗಳ ರಾಜ್ಯೋತ್ಸವದ ಛಾಯಾಚಿತ್ರಗಳೂ ಹೋದವು.

ಇದು ನಮಗೊಬ್ಬರಿಗೇ ಒದಗಿದ ಪಾಡೆಂದು ತಿಳಿಯಬೇಕಾಗಿಲ್ಲ. ಒಂದು ಕಾಲದಲ್ಲಿ ಹೊರನಾಡ ಕನ್ನಡಿಗರೂ ಸಂಜೆಯ ಹೊತ್ತು ಕಲೆಯುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಇಲ್ಲವಾದವು. ಕಂಪನಿಗಳನ್ನು ದೂರಿ ಫಲವಿಲ್ಲ. ಲಾಭವಿಲ್ಲದ ಶಾಖೆಯನ್ನು ಯಾವ ಬ್ಯಾಂಕೂ ಮುಚ್ಚುತ್ತದೆ. ಆದರೆ ಬ್ಯಾಂಕು ಶಾಖೆಯನ್ನು ಮುಚ್ಚಿದರೆ ಠೇವಣಿಯನ್ನು ಪಕ್ಕದ ಶಾಖೆಗೆ ವರ್ಗಾಯಿಸುತ್ತದೆ. ಇಲ್ಲಿ ಠೇವಣಿಯೇ ಮಾಯವಾಯಿತು. ಬೇರೆ ಏರ್ಪಾಡು ಸಾಧ್ಯವೇ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಆಗ. ವಾಣಿಜ್ಯ ಪದವೀಧರನಾದ ನನಗೆ ಗಣಕಶಾಸ್ತ್ರ ಬಾರದು. ಆದರೆ ಲೆಡ್ಜರು ಯಾರ ಬಳಿ ಇದೆ ಎಂದು ಕೇಳುವುದು ನಮ್ಮ ವೃತ್ತಿಧರ್ಮ.

ಸಾಧ್ಯ ಎಂಬುದಕ್ಕೆ ದಿನನಿತ್ಯದ ಇ-ಅಂಚೆಯೇ ಸಾಕ್ಷಿ. ನನ್ನ ಅಂಚೆ ಒಂದು ಸಂಸ್ಥೆಯಲ್ಲಿ, ನಿಮ್ಮದು ಇನ್ನೊಂದರಲ್ಲಿ ಇದ್ದರೂ ಕಾಗದ ತಲುಪುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೆ ಬೇರೆ ಬ್ಯಾಂಕುಗಳ ಚೆಕ್ಕುಗಳನ್ನು ಕಟ್ಟು ಕಟ್ಟಿ ಕ್ಲಿಯರಿಂಗ್ ಹೌಸಿಗೆ ಕಳುಹಿಸುತ್ತಿದ್ದೆವು. ಈಗ ಚೆಕ್ಕಿನ ಚಿತ್ರ ಮಾತ್ರ ಹೋಗುತ್ತದೆ. ಪ್ರತಿಯೊಂದು ಬ್ಯಾಂಕಿಗೂ ತನ್ನದೇ ಪುಸ್ತಕ, ತನ್ನದೇ ಗ್ರಾಹಕರು. ಎಲ್ಲರೂ ಒಪ್ಪಿದ ನಿಯಮ ಮಾತ್ರ ಒಂದು. ವಿಕೇಂದ್ರೀಕೃತ ಜಾಲಸಮುದಾಯಗಳ ಏರ್ಪಾಡೂ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸವುಂಟು: ಇಲ್ಲಿ ನಡುವೆ ರಿಸರ್ವ್ ಬ್ಯಾಂಕಿನಂಥ ಯಜಮಾನರಿಲ್ಲ. ಇರುವುದು ಆಕ್ಟಿವಿಟಿಪಬ್ ಎಂಬ ನಿಯಮಾವಳಿ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು ಇದನ್ನು 2018ರ ಜನವರಿಯಲ್ಲಿ ಅಂಗೀಕರಿಸಿತು.

ಈ ನಿಯಮವನ್ನು ಅನುಸರಿಸುವ ತಾಣಗಳಲ್ಲಿ ಪ್ರಸಿದ್ಧವಾದುದು ಮಾಸ್ಟೊಡಾನ್. (ಆನೆಯ ದೂರದ ಬಂಧುವಾದ, ಈಗ ನಿರ್ನಾಮವಾಗಿರುವ ಪ್ರಾಣಿಯೊಂದರ ಹೆಸರಿದು.) ಜರ್ಮನಿಯ ಯೂಜೆನ್ ರೋಖ್ಕೊ ಎಂಬ ತರುಣನು 2016ರಲ್ಲಿ ಇದನ್ನು ಹೊರತಂದನು. ಟ್ವಿಟರಿನಂತೆಯೇ ಇಲ್ಲಿಯೂ ಕಿರುಬರೆಹಗಳನ್ನು ಪ್ರಕಟಿಸಬಹುದು. ಸಾಮಾನ್ಯವಾಗಿ 500 ಅಕ್ಷರಗಳ ಮಿತಿ. ಆದರೆ ಇದು ಒಂದು ತಾಣವಲ್ಲ, ಸಾವಿರಾರು ತಾಣಗಳು. ಒಂದನ್ನು ವಿಶ್ವವಿದ್ಯಾಲಯ ನಡೆಸೀತು, ಇನ್ನೊಂದನ್ನು ಹತ್ತು ಮಂದಿ ಗೆಳೆಯರು ಚಂದಾ ಎತ್ತಿ ನಡೆಸಿಯಾರು. ಯಾವ ತಾಣದಲ್ಲಿ ಖಾತೆ ತೆರೆದರೂ, ತಾಣಗಳು ಪರಸ್ಪರ ಸಂಪರ್ಕ ಕಡಿದುಕೊಳ್ಳದಿದ್ದರೆ, ಉಳಿದೆಡೆಯವರ ಬರೆಹ ಕಾಣುತ್ತದೆ.

2022ರ ಅಕ್ಟೋಬರಿನಲ್ಲಿ ಟ್ವಿಟರಿನ ಒಡೆತನ ಬದಲಾದಾಗ ಇದರ ಪರೀಕ್ಷೆಯಾಯಿತು. ತಿಂಗಳಿಗೆ ಸುಮಾರು 3 ಲಕ್ಷವಿದ್ದ ಬಳಕೆದಾರರ ಸಂಖ್ಯೆ ನವೆಂಬರಿನಲ್ಲಿ 25 ಲಕ್ಷದವರೆಗೆ ಏರಿತು. ಸಣ್ಣ ಸಣ್ಣ ತಾಣಗಳು ಭಾರ ತಾಳಲಾರದೆ ಏದುಸಿರು ಬಿಟ್ಟವು. ಯಾವ ತಾಣವನ್ನು ಆಯ್ದುಕೊಳ್ಳಬೇಕೆಂದು ತಿಳಿಯದೆ ಹೊಸಬರು ಕಂಗಾಲಾದರು. ಬಳಿಕ ಬಹುಮಂದಿ ಹಿಂದಿರುಗಿದರು. ಈ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ.

ತಾಣ ಮುಚ್ಚಿದರೆ ಗತಿಯೇನು ಎಂದು ವಾಚಕರು ಕೇಳಬಹುದು. ಒಂದು ತಾಣದ ಖಾತೆಯನ್ನು ಇನ್ನೊಂದಕ್ಕೆ ಸ್ಥಳಾಂತರಿಸಿದರೆ ನಮ್ಮನ್ನು ಹಿಂಬಾಲಿಸುವವರು ಜೊತೆಗೆ ಬರುತ್ತಾರೆ. ನಾವು ಹಿಂಬಾಲಿಸುವವರ ಪಟ್ಟಿಯನ್ನೂ ಇಳಿಸಿಕೊಂಡು ಒಯ್ಯಬಹುದು. ಆದರೆ ಹಳೆಯ ಬರೆಹಗಳು ಹೊಸ ತಾಣಕ್ಕೆ ಬರುವುದಿಲ್ಲ. ಅವುಗಳ ಪ್ರತಿಯನ್ನು ಇಳಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕಷ್ಟೆ. ಇದಲ್ಲದೆ ಮಾಸ್ಟೊಡಾನ್ ಸಂಸ್ಥೆಯು ತನ್ನ ಅಧಿಕೃತ ಪುಟದಲ್ಲಿ ಹೆಸರಿಸುವ ತಾಣಗಳಿಗೆ ಒಂದು ಕರಾರನ್ನು ವಿಧಿಸಿದೆ. ಪ್ರತಿದಿನ ಪ್ರತಿ ತೆಗೆದಿಡಬೇಕು; ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು; ಜನಾಂಗ, ಲಿಂಗ ಮೊದಲಾದವುಗಳ ಹೆಸರಿನಲ್ಲಿ ನಡೆಯುವ ನಿಂದನೆಯನ್ನು ತಡೆಯಬೇಕು; ಯಂತ್ರದ ಪ್ರವೇಶಾಧಿಕಾರ ಒಬ್ಬರಲ್ಲೇ ಇರದೆ, ತುರ್ತಿಗೆ ಕನಿಷ್ಠ ಇನ್ನೊಬ್ಬರಲ್ಲಿಯೂ ಇರಬೇಕು. ಈ ಕೊನೆಯ ಷರತ್ತನ್ನು ಓದಿದಾಗ ನನಗೆ ನಮ್ಮ ಭದ್ರಕೋಣೆ ನೆನಪಾಯಿತು. ನಮ್ಮಲ್ಲಿ ಎರಡು ಕೀಲಿಗಳು ಒಬ್ಬನೇ ತೆರೆಯದಂತೆ ಕಾಯುತ್ತವೆ. ಅಲ್ಲಿಯದು, ಒಬ್ಬನಿಲ್ಲದಿದ್ದರೂ ಬಾಗಿಲು ತೆರೆಯುವಂತೆ. ನಮ್ಮ ಕಾರ್ಯದರ್ಶಿಗಳ ಇ-ಅಂಚೆಗೆ ಇದ್ದದ್ದು ಒಂದೇ ಕೀಲಿ. ಅದು ಧಾರವಾಡಕ್ಕೆ ಹೋಗಿತ್ತು.

ಮುಕ್ತ ತಂತ್ರಾಂಶ ಎಂಬ ಇನ್ನೊಂದು ಮಾತನ್ನೂ ಇಲ್ಲಿ ವಿವರಿಸಬೇಕು. ತಂತ್ರಾಂಶದ ಮೂಲ ಬರೆಹವನ್ನು ಯಾರೇ ಆಗಲಿ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಇದರ ತಿರುಳು. ಮಾಸ್ಟೊಡಾನಿನ ಪರವಾನಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿದ್ದಿದ ರೂಪವನ್ನು ಜಾಲದಲ್ಲಿ ನಡೆಸುವವರು ಆ ತಿದ್ದುಪಡಿಯನ್ನು ಬಳಕೆದಾರರಿಗೂ ತೆರೆದಿಡಬೇಕೆಂದು ವಿಧಿಸುತ್ತದೆ. ಆದರೆ ಲೆಕ್ಕಪುಸ್ತಕ ತೆರೆದಿದ್ದ ಮಾತ್ರಕ್ಕೆ ಲೆಕ್ಕಪರಿಶೋಧನೆ ಆದಂತಲ್ಲ. ಜಾಲತಾಣಗಳ ಗುಪ್ತ ಸಂಪರ್ಕವನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಬಯಲಾಯಿತು. ಅದು ಎರಡು ವರ್ಷಗಳಿಂದ ಅಲ್ಲಿಯೇ ಇತ್ತು. ಲೋಕವೆಲ್ಲ ನೆಚ್ಚಿದ್ದ ಆ ಸಾಧನವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಮಂದಿ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರು. ಆ ಬಳಿಕವಷ್ಟೇ ದೊಡ್ಡ ಕಂಪನಿಗಳು ಎಚ್ಚತ್ತು ಹಣ ಒದಗಿಸಿದವು. ಪುಕ್ಕಟೆಯ ಊಟಕ್ಕೆ ಅಡುಗೆಯವರು ಬೇಡವೇ?

ಹಾಗೆಂದು ಸುಧಾರಣೆಯ ಕೆಲಸವೆಲ್ಲ ಗಣಕತಜ್ಞರದೇ ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ದೋಷ ಕಂಡಲ್ಲಿ ಯಾವ ಪುಟ, ಏನು ಒತ್ತಿದಾಗ, ಏನಾಯಿತು ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದೇ ದೊಡ್ಡ ಉಪಕಾರ. ಅದಕ್ಕಿಂತ ನಮಗೆ ಹತ್ತಿರವಾದ ಕೆಲಸವೆಂದರೆ ಅನುವಾದ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಗುಂಡಿಗಳ ಮೇಲಿರುವ ಮಾತುಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಸ್ವಯಂಸೇವಕರು ಅನುವಾದಿಸುತ್ತಾರೆ. ಫೈರ್‌ಫಾಕ್ಸಿಗೂ ಇಂಥ ವ್ಯವಸ್ಥೆಯಿದೆ. ‘ಅಕೌಂಟ್’ ಎಂಬುದಕ್ಕೆ ನಮ್ಮ ಬ್ಯಾಂಕಿನ ‘ಖಾತೆ’ಯೇ ಜಾಲಕ್ಕೂ ಸಂದಿದೆ ಎಂದು ನನಗೆ ಸಣ್ಣದೊಂದು ಹೆಮ್ಮೆ. ಆದರೆ ‘ಸೇವ್’ ಎಂಬುದನ್ನು ‘ಉಳಿತಾಯ ಮಾಡಿ’ ಎಂದರೆ ಓದುಗರು ಪಾಸ್‌ಬುಕ್ಕು ಹುಡುಕಿಯಾರು. ‘ಉಳಿಸಿ’ ಎಂದರೆ ಸಾಕು. ಇಂಥ ವಿವೇಕಕ್ಕೆ ಬೇಕಾದದ್ದು ಕನ್ನಡದ ಕಿವಿ ಮಾತ್ರ. ರೈಲಿನಲ್ಲಿ ದಿನಕ್ಕೆ ಎರಡು ಗಂಟೆ ಕಳೆಯುವ ನಾವು ವಾರಕ್ಕೆ ಹತ್ತು ವಾಕ್ಯಗಳನ್ನು ಅನುವಾದಿಸಲಾರೆವೆ?

ಇನ್ನು ರಕ್ತದಾನಿಗಳ ಪಟ್ಟಿಯ ವಿಷಯ. ಅದನ್ನೂ ಮಾಸ್ಟೊಡಾನಿನಲ್ಲಿ ಇಡೋಣವೆಂದು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಸಲಹೆ ಬಂತು. ನಾನು ವಿರೋಧಿಸಿದೆ. ಅಲ್ಲಿಯ ಖಾಸಗಿ ಸಂದೇಶಗಳು ಲಕೋಟೆಯಲ್ಲಿಟ್ಟ ಕಾಗದಗಳಲ್ಲ, ಅಂಚೆಕಾರ್ಡುಗಳು. ತಾಣವನ್ನು ನಡೆಸುವವರು ಮನಸ್ಸು ಮಾಡಿದರೆ ಓದಬಲ್ಲರು. ಜನರ ಆರೋಗ್ಯದ ವಿವರ ಅಂಥ ಕಡೆ ಇರತಕ್ಕದ್ದಲ್ಲ. ಈಗ ಸಂಘದ ಪ್ರಕಟಣೆಗಳು ನಮ್ಮದೇ ವರ್ಡ್‌ಪ್ರೆಸ್ ಜಾಲತಾಣದಲ್ಲಿ ಬರುತ್ತವೆ. ಅದಕ್ಕೆ ಆಕ್ಟಿವಿಟಿಪಬ್ ಜೋಡಣೆ ಮಾಡಿರುವುದರಿಂದ ಮಾಸ್ಟೊಡಾನಿನಲ್ಲಿರುವ ಸದಸ್ಯರಿಗೂ ತಲುಪುತ್ತವೆ. ಪಟ್ಟಿಯನ್ನು ಮಾತ್ರ ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಸಿದ್ಧಪಡಿಸಿ, ಗುಪ್ತಪದ ಹಾಕಿ, ಇಬ್ಬರು ಪದಾಧಿಕಾರಿಗಳ ವಶದಲ್ಲಿ ಇರಿಸಿದ್ದೇವೆ. ಮುದ್ರಿತ ಪ್ರತಿಯೊಂದು ಸಂಘದ ಬೀರುವಿನಲ್ಲಿದೆ. ಹಿಂದಿನ ಸಲ ರಕ್ತ ಕೊಟ್ಟ ದಿನಾಂಕಕ್ಕೊಂದು ಅಂಕಣವುಂಟು. ಗಂಡಸರು 90 ದಿನ, ಹೆಂಗಸರು 120 ದಿನ ಕಳೆಯದೆ ಮತ್ತೆ ಕೊಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಫೋನು ಮಾಡಿ ವಿಚಾರಿಸುತ್ತೇವೆ. ಕಳೆದ ಸಲ ಇಬ್ಬರ ಸಂಖ್ಯೆ ಬದಲಾಗಿತ್ತು. ಒಬ್ಬರಿಗೆ ಅರವತ್ತೈದು ತುಂಬಿದ್ದರಿಂದ, ಅವರು ಎಷ್ಟು ಬೇಡವೆಂದರೂ ಕೇಳದೆ, ಹೆಸರನ್ನು ತೆಗೆದೆವು.