ಹನಿ ಕಾಣದೆ ಇಳಿಯುವ ಬ್ರೇಕ್ ಆಯಿಲ್



ದನದ ಡಾಕ್ಟರಿಗೂ ಗಾಡಿಯ ಬ್ರೇಕಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಕೆಂಗೇರಿ, ತಾವರೆಕೆರೆ, ಮಾಗಡಿ ರಸ್ತೆಯ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹಿಂಡಿ ಮೂಟೆ, ಹಸಿ ಹುಲ್ಲು, ಒಮ್ಮೊಮ್ಮೆ ಕರುಗಳನ್ನೂ ಹೊತ್ತು ತಿರುಗುವುದು ಇಪ್ಪತ್ತು ವರ್ಷ ದುಡಿದ ಜೀಪು, ಪಿಕಪ್, ಟೆಂಪೋಗಳೇ. ಚಿಕಿತ್ಸೆಗೆಂದು ಹೋದಲ್ಲೆಲ್ಲ ಇವುಗಳ ಕಾಯಿಲೆಯ ವಿಷಯವೂ ಕಿವಿಗೆ ಬೀಳುತ್ತದೆ. ಅದರಲ್ಲಿ ಪದೇ ಪದೇ ಕೇಳುವ ಮಾತು ಇದು: "ವಾರಕ್ಕೊಮ್ಮೆ ಬ್ರೇಕ್ ಆಯಿಲ್ ಹಾಕ್ತೀವಿ ಸಾರ್, ನೆಲದ ಮೇಲೆ ಒಂದು ಹನಿಯೂ ಕಾಣಲ್ಲ."

ಮೊದಲು ತಿಳಿಯಬೇಕಾದದ್ದು, ಬ್ರೇಕ್ ಆಯಿಲ್ ಡೀಸೆಲ್ಲಿನಂತೆ ಖರ್ಚಾಗುವ ವಸ್ತುವಲ್ಲ. ನಾವು ಸಿರಿಂಜಿನ ಹಿಡಿ ಒತ್ತಿದರೆ ಔಷಧ ಸೂಜಿಯ ತುದಿಯಲ್ಲಿ ಹೊರಬರುವಂತೆ, ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಆಯಿಲ್ ಪೈಪುಗಳ ಮೂಲಕ ನಾಲ್ಕು ಚಕ್ರಗಳಿಗೂ ಒತ್ತಡ ತಲುಪಿಸುತ್ತದೆ. ಕಾಲು ತೆಗೆದರೆ ಹಿಂದಕ್ಕೆ ಬರುತ್ತದೆ. ಲೈನರ್ ಸವೆದಂತೆ ಡಬ್ಬಿಯ ಮಟ್ಟ ತಿಂಗಳುಗಟ್ಟಲೆ ಅವಧಿಯಲ್ಲಿ ಸ್ವಲ್ಪ ಇಳಿಯುವುದು ಸಹಜ. ವಾರಕ್ಕೊಮ್ಮೆ ಇಳಿದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸಾಲಿನ ವ್ಯವಸ್ಥೆ. ಎಲ್ಲಿ ಒಡೆದರೂ ಎಲ್ಲ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಬೆಳಗಿನ ಹೊತ್ತು ನಾಯಂಡಹಳ್ಳಿಯ ದಟ್ಟಣೆಯಲ್ಲಿ ಹಾಗಾದರೆ ಏನಾದೀತು, ಯೋಚಿಸಿ.

ಕೆಂಗೇರಿ ಹೋಬಳಿಯ ಸದಸ್ಯರೊಬ್ಬರ ಪಿಕಪ್ಪಿನ ಸಂಗತಿ ಹೇಳುತ್ತೇನೆ. ವರ್ಕ್‌ಶಾಪೊಂದರಲ್ಲಿ ಹಿಂದಿನ ಎರಡು ಚಕ್ರಗಳ ವೀಲ್ ಸಿಲಿಂಡರಿಗೆ ಹೊಸ ರಬ್ಬರ್ ಕಿಟ್ ಹಾಕಿದರು. ಆಯಿಲ್ ಇಳಿಯುವುದು ನಿಲ್ಲಲಿಲ್ಲ. ಮಾಸ್ಟರ್ ಸಿಲಿಂಡರ್ ಬದಲಾಯಿಸಿದರು, ಆಗಲೂ ನಿಲ್ಲಲಿಲ್ಲ. ನೋಡದೆ ಬಿಡಿಭಾಗ ಬದಲಿಸುವುದೆಂದರೆ, ಯಾವ ತೊಟ್ಟಿನಲ್ಲಿ ಬಾವು ಇದೆಯೆಂದು ಪರೀಕ್ಷಿಸದೆ ನಾಲ್ಕಕ್ಕೂ ಟ್ಯೂಬ್ ಏರಿಸಿದ ಹಾಗೆ. ಹೊರಗೆ ಲಕ್ಷಣ ತೋರದ ಕೆಚ್ಚಲು ಬಾವನ್ನು ಸಿ.ಎಂ.ಟಿ. ಪರೀಕ್ಷೆಯಲ್ಲಿ ನಾಲ್ಕು ಬಟ್ಟಲುಗಳಿಗೆ ಬೇರೆ ಬೇರೆ ಹಾಲು ಹಿಂಡಿ ಪತ್ತೆ ಮಾಡುತ್ತೇವಲ್ಲ, ಇಲ್ಲಿಯೂ ಒಂದೊಂದು ಕಡೆಯನ್ನೇ ಪ್ರತ್ಯೇಕವಾಗಿ ನೋಡಬೇಕು.

ಆ ಗಾಡಿಯಲ್ಲಿ ಗುಟ್ಟು ಇದ್ದದ್ದು ಚಕ್ರದಲ್ಲಲ್ಲ. ಕ್ಯಾನು ಇಡುವ ಹಲಗೆಯ ಕೆಳಗೆ, ಹಿಂದಿನ ಆಕ್ಸೆಲ್ ಕಡೆಗೆ ಹೋಗುವ ಕಬ್ಬಿಣದ ಸಣ್ಣ ಪೈಪನ್ನು ಚಾಸಿಗೆ ಹಿಡಿದಿರುವ ಕ್ಲಿಪ್ಪಿನ ಒಳಗೆ. ಚೆಲ್ಲಿದ ಹಾಲು ಹುಳಿಯಾಗಿ, ಕರುಗಳ ಗಂಜಳ, ಕೆಸರು ಸೇರಿ ಅಲ್ಲಿ ಸದಾ ತೇವ. ಪೈಪು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ಪೆಡಲ್ ಒತ್ತಿದಾಗ ಮಾತ್ರ ಸಣ್ಣಗೆ ಚಿಮ್ಮುತ್ತಿತ್ತು, ನಿಲ್ಲಿಸಿದ ಗಾಡಿಯಲ್ಲಿ ಹನಿಯೇ ಇಲ್ಲ. ಚಿಮ್ಮಿದ್ದನ್ನು ಧೂಳು ಹೀರುತ್ತಿತ್ತು. ಇದಕ್ಕೆ ಸೇರಿಸಿ ಮನೆಯವರ ಒಳ್ಳೆಯ ಅಭ್ಯಾಸವೂ ಗುರುತು ಅಳಿಸುತ್ತಿತ್ತು: ಹಾಲು ಇಳಿಸಿದ ಮೇಲೆ ದಿನವೂ ಗಾಡಿ ತೊಳೆಯುವುದು. ಸಾಮಾನ್ಯ ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್ ಅಷ್ಟೆ, ಅದು ನೀರಿನಲ್ಲಿ ಬೆರೆತು ಹೋಗುತ್ತದೆ.

ಈ ಗುಣವೇ ಪತ್ತೆಗೂ ನೆರವಾಗುತ್ತದೆ. ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ಬರೀ ನೀರಿನಲ್ಲಿ ತೊಳೆಯಿರಿ. ಜಿಡ್ಡು ಉಳಿದು ಗಂಧಕದಂಥ ವಾಸನೆ ಬಂದರೆ ಅದು ಆಕ್ಸೆಲ್ಲಿನ ಗೇರ್ ಆಯಿಲ್. ತೊಳೆದುಹೋದರೆ ಬ್ರೇಕ್ ಆಯಿಲ್. ಬಣ್ಣ ಉಬ್ಬಿ ಎದ್ದ ಜಾಗವಿದ್ದರೆ ಅಲ್ಲಿಯೂ ಅನುಮಾನಪಡಿ, ಏಕೆಂದರೆ ಇದು ಪೇಂಟನ್ನು ತಿನ್ನುತ್ತದೆ.

ಹುಡುಕುವ ದಿನ ಗಾಡಿ ತೊಳೆದು ಪೂರ್ತಿ ಒಣಗಿಸಿ. ಪೈಪಿನ ಉದ್ದಕ್ಕೂ, ಜೋಡಣೆಗಳ ಮೇಲೂ, ಚಕ್ರದ ಒಳಬದಿಗೂ ಒಣ ಸುಣ್ಣದ ಪುಡಿ ಉದುರಿಸಿ. ಚಕ್ರಗಳಿಗೆ ಕಲ್ಲು ಕೊಟ್ಟು, ಒಬ್ಬರು ಪೆಡಲ್ಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಲಿ, ಇನ್ನೊಬ್ಬರು ಬ್ಯಾಟರಿ ಹಿಡಿದು ನೋಡಲಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬೇಡಿ. ಸುಣ್ಣ ಒದ್ದೆಯಾದ ಕಡೆಯೇ ಸೋರಿಕೆ. ಕ್ಲಿಪ್ಪುಗಳನ್ನು ಬಿಚ್ಚಿ ಒಳಗೆ ನೋಡದೆ ಬಿಡಬೇಡಿ. ಪೆಡಲ್ ನಿಧಾನವಾಗಿ ಇಳಿಯುತ್ತ ಡಬ್ಬಿಯ ಮಟ್ಟ ಮಾತ್ರ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸೋತಿದೆ.

ಎಲ್ಲ ಕಡೆಯೂ ಒಣಗಿಯೇ ಇದ್ದರೆ? ಬೂಸ್ಟರ್ ಇರುವ ಗಾಡಿಗಳಲ್ಲಿ ಇನ್ನೊಂದು ಅಡಗುತಾಣವಿದೆ. ಮಾಸ್ಟರ್ ಸಿಲಿಂಡರಿನ ಹಿಂಬದಿಯ ರಬ್ಬರು ಹೋದರೆ ಆಯಿಲ್ ಹೊರಗೆ ಬೀಳದೆ ಬೂಸ್ಟರಿನ ಹೊಟ್ಟೆಗೆ ಇಳಿಯುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ಅದನ್ನು ಎಳೆದುಕೊಂಡು ಸುಟ್ಟು ಬಿಳಿ ಹೊಗೆ ಬಿಡಬಹುದು. ಆಲ್ಟರ್ನೇಟರಿಗೆ ವ್ಯಾಕ್ಯೂಮ್ ಪಂಪ್ ಜೋಡಿಸಿದ ಡೀಸೆಲ್ ಗಾಡಿಗಳಲ್ಲಿ ಇಂಜಿನ್ ಆಯಿಲಿಗೂ ಸೇರಬಹುದು. ಮೆಕ್ಯಾನಿಕ್ಕಿಗೆ ಹೇಳಿ, ಪೈಪು ಕಳಚದೆ ಮಾಸ್ಟರ್ ಸಿಲಿಂಡರನ್ನು ಬೂಸ್ಟರಿನಿಂದ ಸ್ವಲ್ಪ ಮುಂದಕ್ಕೆ ಸರಿಸಿ, ಹಿಂಬದಿ ಒದ್ದೆಯಾಗಿದೆಯೇ ನೋಡಿಸಿ. ಹತ್ತು ನಿಮಿಷದ ಕೆಲಸ.

ದುರಸ್ತಿಯಲ್ಲಿ ಜಿಪುಣತನ ಬೇಡ. ಸೋರುವ ಪೈಪನ್ನು ಮಡಚಿ ಬಡಿದು ಒಂದು ಚಕ್ರದ ಬ್ರೇಕನ್ನೇ ಮುಚ್ಚಿಬಿಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದು ಮಗುಚುವುದು ಹೀಗೆಯೇ. ಪೈಪು ಪೂರ್ತಿ ಹೊಸದೇ ಆಗಲಿ. ಜೆ.ಸಿ. ರಸ್ತೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗಗಳನ್ನು ವಿಚಾರಿಸಬಹುದು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ, ಎರಡೂ ಬದಿಯದನ್ನು ಬದಲಿಸಿ. ಇಂಜಿನ್ ಆಯಿಲ್, ಸೀಮೆಎಣ್ಣೆ ಡಬ್ಬಿಗೆ ಬಿದ್ದರೆ ರಬ್ಬರೆಲ್ಲ ಉಬ್ಬಿ ಕೆಡುತ್ತದೆ. ಹೊಸ ಡಾಟ್-3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿನ ಅಂಶ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಆದ್ದರಿಂದ ವರ್ಷಗಟ್ಟಲೆ ತೆರೆದಿಟ್ಟ ಬಾಟಲಿನದನ್ನು ಹಾಕದೆ, ಹೊಸ ಸೀಲು ಒಡೆದು ಹಾಕಿಸಿ, ಗಾಳಿ ತೆಗೆಸಿ.

ದಾರಿಯಲ್ಲೇ ಪೆಡಲ್ ತಳ ಮುಟ್ಟಿದರೆ ಗಾಬರಿಯಾಗದೆ ಬೇಗ ಬೇಗ ತುಳಿಯಿರಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಹಂತಹಂತವಾಗಿ ಎಳೆಯಿರಿ. ಅದು ಕೆಲಸ ಮಾಡುವುದು ಬೇರೆ ಕೇಬಲ್ಲಿನಿಂದ.

ಇನ್ನು ನನ್ನ ಇಲಾಖೆಯ ಮಾತು. ಬ್ರೇಕ್ ಆಯಿಲ್ ವಿಷ. ಅದರಲ್ಲಿರುವ ಗ್ಲೈಕಾಲ್ ಜಾತಿಯ ವಸ್ತುಗಳು ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಸೋರುವ ಗಾಡಿಯನ್ನು ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಬೇಡಿ, ಅದರ ಕೆಳಭಾಗ ತೊಳೆದ ನೀರು ಕಲಗಚ್ಚಿನ ತೊಟ್ಟಿಗೆ ಹರಿಯದಿರಲಿ. ಖಾಲಿ ಬಾಟಲನ್ನು ತೊಳೆದು ಕರುವಿಗೆ ಔಷಧ ಕುಡಿಸಲು ಬಳಸುವುದನ್ನು ಕೆಲವು ಮನೆಗಳಲ್ಲಿ ನೋಡಿದ್ದೇನೆ, ದಯವಿಟ್ಟು ಅದನ್ನು ಜಜ್ಜಿ ಬಿಸಾಡಿ. ಆಯಿಲ್ ನೆಕ್ಕಿರಬಹುದೆಂಬ ಅನುಮಾನವಿದ್ದು, ದನ ತೂರಾಡುತ್ತಿದ್ದರೆ, ಮೇವು ಬಿಟ್ಟಿದ್ದರೆ ಕೂಡಲೇ ಪಶುವೈದ್ಯರನ್ನು ಕರೆಸಿ, ಆ ಬಾಟಲನ್ನೂ ತೋರಿಸಿ.